ನೆಲ ನೋಡಿ ನಕ್ಷೆ ಹಾಕಿ

2018ರ ಆಗಸ್ಟ್ ತಿಂಗಳ ನಡುವೆ ಕೊಡಗಿನ ಗುಡ್ಡಗಳು ಒಂದರ ಹಿಂದೊಂದು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮುಂತಾದ, ಜಿಲ್ಲೆಯ ಹೊರಗೆ ಹೆಚ್ಚು ಕೇಳಿಬರದಿದ್ದ ಊರುಗಳು ದಿನವಿಡೀ ಸುದ್ದಿಯಲ್ಲಿದ್ದವು. ಇಳಿಜಾರಿನ ಅಂಚಿನಲ್ಲಿ ನಿಂತಿದ್ದ ಅಂತಸ್ತಿನ ಮನೆಯೊಂದು ಇಡಿಯಾಗಿ ಕೆಳಕ್ಕೆ ಜಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲುಮಣ್ಣಿನ ರಾಶಿಯಾದ ದೃಶ್ಯವನ್ನು ನಾಡೆಲ್ಲ ನೋಡಿತು. ಕಾಲಡಿಯ ನೆಲವೇ ಹೊರಟುಹೋದಾಗ ಗೋಡೆ ಎಷ್ಟು ಗಟ್ಟಿ, ಸಿಮೆಂಟು ಯಾವುದು, ಕಬ್ಬಿಣ ಎಷ್ಟು ಎಂಬ ಪ್ರಶ್ನೆಗಳಿಗೆ ಅರ್ಥವಿರುವುದಿಲ್ಲ.

ಮಳೆ ನಿಂತ ಮೇಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಕುಸಿದ ಜಾಗಗಳನ್ನು ಒಂದೊಂದಾಗಿ ನೋಡಿದರು. ವಿಪರೀತ ಮಳೆ ತಕ್ಷಣದ ಕಾರಣ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಅವರು ಎತ್ತಿ ತೋರಿಸಿದ ಇನ್ನೊಂದು ಕಾರಣ ಮನುಷ್ಯನ ಕೈಯಲ್ಲೇ ಇದ್ದುದು. ಮನೆ, ಹೋಂಸ್ಟೇ, ರಸ್ತೆಗಳಿಗಾಗಿ ಇಳಿಜಾರನ್ನು ನೇರವಾಗಿ ಕಡಿದು ಸಮತಟ್ಟು ಮಾಡಲಾಗಿತ್ತು. ಕಡಿದ ಜಾಗಕ್ಕೆ ತಕ್ಕ ಆಸರೆ ಇರಲಿಲ್ಲ. ಮಳೆನೀರು ಹರಿದು ಹೋಗುತ್ತಿದ್ದ ದಾರಿಗಳು ಮುಚ್ಚಿದ್ದವು. ಮಲೆನಾಡಿನವರು ‘ಧರೆ’ ಎನ್ನುವ, ಕೊಡಗಿನವರು ‘ಬರೆ’ ಎನ್ನುವ ಆ ಕಡಿದ ಮಣ್ಣಿನ ಗೋಡೆಗಳೇ ಹಲವೆಡೆ ಮೊದಲು ಬಾಯಿ ಬಿಟ್ಟವು.

ಇದು ಕೊಡಗಿಗಷ್ಟೇ ಸೀಮಿತವಾದ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳನ್ನು ಮಣ್ಣು ಬಳಿದುಕೊಂಡು ಹೋಯಿತು. ಆದರೂ ಪಶ್ಚಿಮ ಘಟ್ಟದ ಉದ್ದಕ್ಕೂ ಗುಡ್ಡದ ಮೇಲಿನ ನಿವೇಶನಗಳಿಗೆ ಬೇಡಿಕೆ ತಗ್ಗಿಲ್ಲ. ಗುಡ್ಡದಲ್ಲಿ ಹುಟ್ಟಿದವರು ಅಲ್ಲೇ ಬಾಳಬೇಕು, ಮನೆ ಕಟ್ಟಲೇಬೇಕು. ಕಷ್ಟದ ನೆಲದಲ್ಲಿ ಈ ಕಾಲದ ಮನೆಯೊಂದನ್ನು ಸುರಕ್ಷಿತವಾಗಿ ಕಟ್ಟಲು ಏನು ಬೇಕು ಎಂಬುದಕ್ಕೆ ವಿಜ್ಞಾನ ಸಾಕಷ್ಟು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಆ ಉತ್ತರ ಮನೆ ಕಟ್ಟುವವರ ಅಂಗಳಕ್ಕೆ ಇಳಿದಿರುವುದು ಮಾತ್ರ ಕಡಿಮೆ.

ಗುಡ್ಡ ನಿಂತಿರುವುದು ಹೇಗೆ

ನೂರಾರು ವರ್ಷಗಳಿಂದ ಅಲುಗಾಡದೆ ನಿಂತ ಇಳಿಜಾರು ಒಂದು ಸಮತೋಲದಲ್ಲಿರುತ್ತದೆ. ಮಣ್ಣಿನ ತೂಕ ಅದನ್ನು ಕೆಳಕ್ಕೆ ಎಳೆಯುತ್ತದೆ. ಕಣಗಳ ನಡುವಿನ ಘರ್ಷಣೆ ಮತ್ತು ಅಂಟು ಅದನ್ನು ಹಿಡಿದಿಡುತ್ತವೆ. ಮರಗಳ ಬೇರು ಮೇಲುಪದರವನ್ನು ಹೆಣೆದಿರುತ್ತದೆ. ಇಳಿಜಾರಿನ ಬುಡದ ಮಣ್ಣು ಮೇಲಿನ ಮಣ್ಣಿಗೆ ಒತ್ತುಗೊಟ್ಟು ನಿಂತಿರುತ್ತದೆ.

ಮನೆ ಕಟ್ಟುವಾಗ ಈ ಸಮತೋಲಕ್ಕೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಜೆಸಿಬಿ ಬುಡವನ್ನು ಕಡಿದಾಗ ಒತ್ತುಗೊಟ್ಟ ಮಣ್ಣು ಹೋಗುತ್ತದೆ. ಕಡಿದ ಮಣ್ಣನ್ನು ನಿವೇಶನದ ಕೆಳಂಚಿಗೆ ತಳ್ಳಿ ಅಂಗಳ ಅಗಲ ಮಾಡಿದಾಗ, ಸಡಿಲ ಮಣ್ಣಿನ ಹೊಸ ಭಾರ ಕೆಳಗಿನ ಇಳಿಜಾರಿನ ತಲೆಯ ಮೇಲೆ ಕೂರುತ್ತದೆ. ಆಮೇಲೆ ಮನೆಯ ತೂಕವೂ ಸೇರುತ್ತದೆ. ಇಷ್ಟಾದರೂ ಬೇಸಿಗೆಯಲ್ಲಿ ಏನೂ ಆಗದು. ಒಣಗಿದ ಧರೆ ಮೂರು ನಾಲ್ಕು ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತು, ನೋಡಿದವರಿಗೆ ಇದು ಬಂಡೆಯಷ್ಟೇ ಗಟ್ಟಿ ಎಂಬ ಧೈರ್ಯ ಕೊಡುತ್ತದೆ.

ಲೆಕ್ಕ ತಪ್ಪುವುದು ಮಳೆಗಾಲದಲ್ಲಿ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿದಾಗ ಆ ನೀರು ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಕಣ ಕಣಕ್ಕೆ ಒತ್ತಿಕೊಂಡಿದ್ದ ಬಿಗಿ ತಗ್ಗುತ್ತದೆ, ಘರ್ಷಣೆ ಇಳಿಯುತ್ತದೆ. ನೀರು ಕುಡಿದ ಮಣ್ಣಿನ ತೂಕವೂ ಹೆಚ್ಚುತ್ತದೆ. ಎಳೆಯುವ ಬಲ ಏರಿ, ಹಿಡಿಯುವ ಬಲ ಇಳಿದು, ಒಂದು ಹಂತದಲ್ಲಿ ಎರಡೂ ಸರಿಸಮ ಆಗುತ್ತವೆ. ಆಮೇಲೆ ಒಂದು ದಿನದ ಜೋರು ಮಳೆ ಸಾಕು.

ಕರಾವಳಿ ಮತ್ತು ಘಟ್ಟದಂಚಿನಲ್ಲಿ ಇನ್ನೊಂದು ತೊಡಕಿದೆ. ಮೇಲೆ ಮುರಕಲ್ಲಿನ ಗಟ್ಟಿ ಪದರ, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣಗಳ ಮೃದುವಾದ ಮಣ್ಣು. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆ ಇದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದ್ದಾಗ ಶೇಡಿ ಮಣ್ಣು ಪಿಕಾಸಿಗೂ ಜಗ್ಗದಂತಿರುತ್ತದೆ. ನೀರು ತಾಗಿದರೆ ಅದರ ಬಲ ಬಹುಪಾಲು ಕರಗಿಹೋಗುತ್ತದೆ. ಮೇಲಿನ ಮುರಕಲ್ಲನ್ನು ತೆಗೆದು ಈ ಪದರವನ್ನು ಮಳೆಗೆ ಒಡ್ಡಿದ ಧರೆಗಳು ಒಂದೆರಡು ಮಳೆಗಾಲದಲ್ಲೇ ಕುಸಿಯುತ್ತವೆ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಈ ಮಣ್ಣಿನ ಸ್ವಭಾವದ ಮೇಲೆ ವರ್ಷಗಳಿಂದ ಅಧ್ಯಯನ ನಡೆದಿದೆ. ಮುರಕಲ್ಲು ಸಿಕ್ಕಿತೆಂದು ನಿಶ್ಚಿಂತೆಯಿಂದ ಪಾಯ ಹಾಕುವವರು ಅದರ ಕೆಳಗೆ ಎಷ್ಟು ಆಳದಲ್ಲಿ ಶೇಡಿ ಇದೆ ಎಂದು ಕೇಳಿಕೊಳ್ಳಲೇಬೇಕು.

ನಿವೇಶನವೇ ಹೇಳುವ ಮಾತು

ಇಂಜಿನಿಯರ್ ಬರುವುದಕ್ಕೆ ಮೊದಲೇ ಸಾಮಾನ್ಯ ಕಣ್ಣಿಗೆ ಕಾಣುವ ಗುರುತುಗಳು ಹಲವು. ಬುಡದಲ್ಲಿ ಬಾಗಿ ಮೇಲಕ್ಕೆ ನೆಟ್ಟಗಾದ ಮರಗಳು, ಓರೆಯಾದ ವಿದ್ಯುತ್ ಕಂಬ ಮತ್ತು ಬೇಲಿಗೂಟಗಳು ಮೇಲ್ಮಣ್ಣು ನಿಧಾನವಾಗಿ ಜಾರುತ್ತಿದೆ ಎಂಬುದರ ಸೂಚನೆ. ಇಳಿಜಾರಿಗೆ ಅಡ್ಡಲಾಗಿ ಬಿಲ್ಲಿನಾಕಾರದ ಬಿರುಕು ಕಂಡರೆ ಅಪಾಯ ಹತ್ತಿರದಲ್ಲಿದೆ. ಗುಡ್ಡದ ನಡುವೆ ಬೋಗುಣಿಯಂಥ ತಗ್ಗು, ಅದರ ಕೆಳಗೆ ಉಬ್ಬಿದ ದಿಬ್ಬ ಇದ್ದರೆ ಅದು ಹಳೆಯ ಕುಸಿತದ ಗಾಯವಿರಬಹುದು. ಬೇಸಿಗೆಯಲ್ಲೂ ಹಸಿರಾಗಿರುವ ಒಂದು ಪಟ್ಟಿ, ಮಳೆಗಾಲದಲ್ಲಿ ಒರತೆ ಏಳುವ ಜಾಗ ನೆಲದಡಿಯ ನೀರಿನ ದಾರಿಯನ್ನು ತೋರಿಸುತ್ತವೆ.

ಹೆಚ್ಚಿನವರು ನಿವೇಶನ ನೋಡಲು ಹೋಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ. ಗುಡ್ಡದ ಜಾಗವನ್ನು ಕೊಳ್ಳುವ ಮೊದಲು ಜುಲೈ ತಿಂಗಳಲ್ಲಿ, ಮಳೆ ಸುರಿಯುವಾಗ, ಕೊಡೆ ಹಿಡಿದು ಒಮ್ಮೆ ಸುತ್ತಬೇಕು. ಆ ಊರಿನ ಹಿರಿಯರನ್ನು ಕೇಳಬೇಕು. ಎಲ್ಲಿ ಯಾವ ವರ್ಷ ಬರೆ ಜರಿಯಿತು, ಯಾವ ತೋಡು ಮೊದಲು ಎಲ್ಲಿ ಹರಿಯುತ್ತಿತ್ತು ಎಂಬುದು ದಾಖಲೆಗಳಿಗಿಂತ ಚೆನ್ನಾಗಿ ಅವರ ನೆನಪಿನಲ್ಲಿರುತ್ತದೆ. ಕೊಡವರ ಹಳೆಯ ಐನ್‌ಮನೆಗಳನ್ನು ನೋಡಿದರೆ ಆ ತಿಳಿವಳಿಕೆ ಕಟ್ಟಡದಲ್ಲೇ ಕಾಣುತ್ತದೆ. ಬಹುಪಾಲು ಐನ್‌ಮನೆಗಳು ಗದ್ದೆಗೆ ಮುಖ ಮಾಡಿದ, ಆದರೆ ಗದ್ದೆಯಿಂದ ಎತ್ತರದ ಸೌಮ್ಯ ಇಳಿಜಾರಿನಲ್ಲಿವೆ.

ಇದರ ಜೊತೆ ಸರ್ಕಾರಿ ನಕ್ಷೆಗಳೂ ಇವೆ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಗುಡ್ಡಗಾಡು ಪ್ರದೇಶಗಳಿಗೆ 1:50,000 ಪ್ರಮಾಣದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಮಾಡಿದೆ. ಅದರ ‘ಭೂಕೋಶ್’ ಜಾಲತಾಣದಲ್ಲಿ ಯಾರು ಬೇಕಾದರೂ ಅವನ್ನು ನೋಡಬಹುದು. ಆ ಪ್ರಮಾಣದಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹಾಗಾಗಿ ಒಂದೊಂದು ನಿವೇಶನದ ಹಣೆಬರಹ ಅದರಲ್ಲಿ ಸಿಗದು. ಸುತ್ತಲಿನ ಪ್ರದೇಶ ಹೆಚ್ಚು ಅಪಾಯದ ಬಣ್ಣದಲ್ಲಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಮುಂದೆ ಎಷ್ಟು ಆಳವಾದ ಪರೀಕ್ಷೆ ಬೇಕು ಎಂದು ನಿರ್ಧರಿಸಲು ಅಷ್ಟು ಸಾಕು.

ಆ ಪರೀಕ್ಷೆಯೇ ಸಾಯಿಲ್ ಟೆಸ್ಟ್. ನಿವೇಶನದಲ್ಲಿ ಎರಡು ಮೂರು ಕಡೆ ಕೊಳವೆ ಕೊರೆದು, ಆಳ ಆಳಕ್ಕೆ ಮಣ್ಣಿನ ಮಾದರಿ ತೆಗೆಯುತ್ತಾರೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆಯ ತುದಿ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸುತ್ತಾರೆ. ಪೆಟ್ಟಿನ ಎಣಿಕೆ ಕಡಿಮೆಯಿದ್ದರೆ ಮಣ್ಣು ಸಡಿಲ, ಹೆಚ್ಚಿದ್ದರೆ ಗಟ್ಟಿ. ಪ್ರಯೋಗಾಲಯದಲ್ಲಿ ಮಾದರಿಯ ತೇವ, ಜೇಡಿಯ ಪ್ರಮಾಣ, ನೆನೆದಾಗ ಉಳಿಯುವ ಬಲ ಇವನ್ನು ಅಳೆಯುತ್ತಾರೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಸಣ್ಣ ಮನೆಗೆ ಮೇಸ್ತ್ರಿಯ ಅನುಭವ ಸಾಕಾದೀತು, ಗುಡ್ಡದಲ್ಲಿ ಸಾಲದು. ಅಮೃತಶಿಲೆಯ ನೆಲಹಾಸಿಗೆ ಖರ್ಚು ಮಾಡಲು ಹಿಂಜರಿಯದ ಕುಟುಂಬಗಳು ಈ ಪರೀಕ್ಷೆಯ ಹಣವನ್ನು ದಂಡ ಎಂದು ಭಾವಿಸುವುದು ದುಃಖದ ಸಂಗತಿ. ಮನೆಯ ಒಟ್ಟು ವೆಚ್ಚದಲ್ಲಿ ಅದು ಸಣ್ಣ ಪಾಲು.

ಇಳಿಜಾರಿಗೆ ಒಗ್ಗುವ ಮನೆ

ಬಯಲುಸೀಮೆಯ ನಕ್ಷೆಯನ್ನು ಗುಡ್ಡಕ್ಕೆ ತಂದಾಗಲೇ ತೊಂದರೆ ಶುರು. ಒಂದು ಉದಾಹರಣೆ ಲೆಕ್ಕ ಹಾಕೋಣ. ಮೂರು ಮೀಟರ್ ಮುಂದೆ ನಡೆದರೆ ಒಂದು ಮೀಟರ್ ಏರುವ ಇಳಿಜಾರು. ಅದರ ಮೇಲೆ 12 ಮೀಟರ್ ಉದ್ದ, 10 ಮೀಟರ್ ಅಗಲದ ಮನೆ. ಉದ್ದದ ಬದಿ ಏರಿನ ದಿಕ್ಕಿಗೆ. ಇಡೀ ಮನೆ ಒಂದೇ ಮಟ್ಟದಲ್ಲಿ ಬೇಕೆಂದು ಗುಡ್ಡ ಕಡಿದರೆ ಹಿಂಬದಿಯಲ್ಲಿ 4 ಮೀಟರ್ ಎತ್ತರದ ಧರೆ ಏಳುತ್ತದೆ, ಸುಮಾರು 240 ಘನಮೀಟರ್ ಮಣ್ಣು ಹೊರಬೀಳುತ್ತದೆ. ಅದೇ ಮನೆಯನ್ನು ತಲಾ 4 ಮೀಟರಿನ ಮೂರು ಮೆಟ್ಟಿಲಾಗಿ ಒಡೆದರೆ ಪ್ರತಿ ಮೆಟ್ಟಿಲಿನ ಧರೆ 1.3 ಮೀಟರ್ ಮಾತ್ರ. ಕಡಿಯುವ ಮಣ್ಣು ಸುಮಾರು 80 ಘನಮೀಟರ್. ಮಣ್ಣು ಮೂರನೇ ಒಂದು ಪಾಲಿಗೆ ಇಳಿಯಿತು, ಧರೆಯ ಎತ್ತರವೂ ಮೂರನೇ ಒಂದು ಪಾಲಿಗೆ ಇಳಿಯಿತು. ಮನೆಯ ವಿಸ್ತೀರ್ಣ ಒಂದು ಚದರ ಅಡಿಯೂ ಕಡಿಮೆಯಾಗಲಿಲ್ಲ.

ಮೆಟ್ಟಿಲಾಗಿ ಒಡೆದ ಮನೆ ಬಾಳಲು ಕಷ್ಟ ಎಂಬ ಅಳುಕು ಸಹಜ. ಆದರೆ ಒಳ್ಳೆಯ ವಾಸ್ತುಶಿಲ್ಪಿಯ ಕೈಯಲ್ಲಿ ಅದೇ ಮನೆಯ ಸೊಗಸಾಗುತ್ತದೆ. ಮೇಲಿನ ಮಟ್ಟದಲ್ಲಿ ಪ್ರವೇಶ ಮತ್ತು ಅಡುಗೆಮನೆ, ನಡುವೆ ಹಜಾರ, ಕೆಳಗೆ ಮಲಗುವ ಕೋಣೆಗಳು; ಒಂದೊಂದು ಮಟ್ಟಕ್ಕೂ ಕಣಿವೆಯ ಕಡೆ ಕಿಟಕಿ, ಗಾಳಿ, ಬೆಳಕು. ಹಿರಿಯರ ಕೋಣೆ, ಬಚ್ಚಲು ಮತ್ತು ಅಡುಗೆಮನೆಯನ್ನು ಒಂದೇ ಮಟ್ಟದಲ್ಲಿಟ್ಟರೆ ಅವರು ಮೆಟ್ಟಿಲು ಹತ್ತಿಳಿಯುವ ಪಾಡೂ ತಪ್ಪುತ್ತದೆ. ಮನೆಯ ಉದ್ದದ ಬದಿಯನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿದರೆ ಕಡಿತ ಇನ್ನೂ ತಗ್ಗುತ್ತದೆ.

ಲಾರಿ ಬೇಕರ್ ಇದನ್ನು ತಮ್ಮ ಮನೆಯಲ್ಲೇ ಮಾಡಿ ತೋರಿಸಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತದವರೇ ಆಗಿಹೋದ ಈ ವಾಸ್ತುಶಿಲ್ಪಿ ಹಿಮಾಲಯದ ಪಿಥೋರಾಗಢದಲ್ಲಿ ಹದಿನಾರು ವರ್ಷ ಬಾಳಿ, ಅಲ್ಲಿನ ಹಳ್ಳಿಗರು ಇಳಿಜಾರಿನಲ್ಲಿ ಕಟ್ಟುವ ರೀತಿಯನ್ನು ಹತ್ತಿರದಿಂದ ಕಂಡಿದ್ದರು. ಮುಂದೆ ತಿರುವನಂತಪುರದ ನಾಲಾಂಚಿರದಲ್ಲಿ ಅವರಿಗೆ ಸಿಕ್ಕಿದ್ದು ಕಡಿದಾದ ಕಲ್ಲುಗುಡ್ಡದ ತುಂಡು. ಅದನ್ನು ಸಿಡಿಸಿ ಸಮ ಮಾಡುವ ಬದಲು ಕಲ್ಲು ಇರುವಲ್ಲಿ ಕಲ್ಲನ್ನು ಬಿಟ್ಟು, ಗುಡ್ಡ ಏರಿದಂತೆ ಮನೆಯನ್ನೂ ಏರಿಸಿದರು. ‘ಹ್ಯಾಮ್ಲೆಟ್’ ಎಂಬ ಆ ಮನೆ ಇಂದಿಗೂ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಹುಡುಕಿಕೊಂಡು ಹೋಗುವ ಜಾಗ.

ಇನ್ನೊಂದು ದಾರಿ ಮನೆಯನ್ನು ಕಂಬಗಳ ಮೇಲೆ ಎತ್ತುವುದು. ನೆಲವನ್ನು ಬಹುತೇಕ ಹಾಗೆಯೇ ಬಿಟ್ಟು, ಕಂಬ ಇಳಿಯುವ ಜಾಗದಲ್ಲಿ ಮಾತ್ರ ಗುಂಡಿ ತೋಡಿ, ಗಟ್ಟಿ ಪದರದವರೆಗೆ ಪಾಯ ಒಯ್ಯುವ ವಿಧಾನ ಇದು. ಮಳೆನೀರು ಮನೆಯಡಿಯಲ್ಲೇ ಹಳೆಯ ದಾರಿಯಲ್ಲಿ ಹರಿಯುತ್ತದೆ. ಇದಕ್ಕೂ ಎಚ್ಚರ ಬೇಕು. ಇಳಿಜಾರಿನಲ್ಲಿ ಮೇಲ್ಬದಿಯ ಕಂಬಗಳು ಗಿಡ್ಡ, ಕೆಳಬದಿಯವು ಉದ್ದ. ಭೂಮಿ ಕಂಪಿಸಿದಾಗ ಗಿಡ್ಡ ಕಂಬಗಳೇ ಹೆಚ್ಚಿನ ಬಲವನ್ನು ಮೈಮೇಲೆ ಎಳೆದುಕೊಂಡು ಮೊದಲು ಒಡೆಯುತ್ತವೆ. 2022ರ ಜೂನ್ ಮತ್ತು ಜುಲೈನಲ್ಲಿ ಸಂಪಾಜೆ, ಚೆಂಬು ಸುತ್ತಮುತ್ತ ಸಣ್ಣ ಕಂಪನಗಳಾದವು. ಅವು ದೊಡ್ಡ ಹಾನಿ ಮಾಡಲಿಲ್ಲ, ಆದರೆ ಈ ಲೆಕ್ಕವನ್ನು ಬದಿಗಿಡುವಂತಿಲ್ಲ ಎಂಬುದನ್ನು ನೆನಪಿಸಿದವು. ಕಂಬಗಳ ಮೇಲಿನ ಮನೆಗೆ ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲದೆ ಕೈ ಹಾಕಬಾರದು.

ಆಧುನಿಕ ಮನೆಗಳ ಪೈಕಿ ಜಗತ್ತಿನಲ್ಲೇ ಹೆಸರಾದ ‘ಫಾಲಿಂಗ್‌ವಾಟರ್’ ಕೂಡ ಕಷ್ಟದ ನೆಲದಲ್ಲೇ ಎದ್ದದ್ದು. ಅಮೆರಿಕದ ಪೆನ್ಸಿಲ್ವೇನಿಯದ ಕಾಡಿನಲ್ಲಿ, ಬೇರ್ ರನ್ ಎಂಬ ತೊರೆಯ ಪುಟ್ಟ ಜಲಪಾತದ ನೆತ್ತಿಯ ಮೇಲೆ ಫ್ರಾಂಕ್ ಲಾಯ್ಡ್ ರೈಟ್ ಅದನ್ನು 1935ರಲ್ಲಿ ಯೋಜಿಸಿದರು. ಎರಡು ವರ್ಷದಲ್ಲಿ ಮುಖ್ಯ ಮನೆ ಸಿದ್ಧವಾಯಿತು. ಮಾಲೀಕರಾದ ಕೌಫ್‌ಮನ್ ಕುಟುಂಬ ಜಲಪಾತ ಕಾಣುವಂತೆ ಎದುರು ದಂಡೆಯಲ್ಲಿ ಮನೆ ಬರಬಹುದೆಂದುಕೊಂಡಿತ್ತು. ರೈಟ್ ಬಂಡೆಯನ್ನೇ ಆಧಾರವಾಗಿ ಹಿಡಿದು ಕಾಂಕ್ರೀಟಿನ ಹಜಾರಗಳನ್ನು ನೀರಿನ ಮೇಲೆ ಚಾಚಿದರು. ಅಲ್ಲಿದ್ದ ಹೆಬ್ಬಂಡೆಯೊಂದನ್ನು ಒಡೆಯದೆ ಹಜಾರದ ಒಲೆಯ ಮುಂದೆ ಹಾಗೆಯೇ ಉಳಿಸಿದರು. ನೆಲದ ವಿಷಯದಲ್ಲಿ ಅವರ ತೀರ್ಮಾನ ಸರಿಯಿತ್ತು. ಎಡವಿದ್ದು ಚಾಚಿನ ಲೆಕ್ಕದಲ್ಲಿ. ಅಚ್ಚು ಬಿಚ್ಚುತ್ತಿದ್ದಂತೆಯೇ ಹಜಾರದ ಚಾಚು ಬಾಗತೊಡಗಿತು. ದಶಕಗಳಲ್ಲಿ ಆ ಬಾಗು ಸುಮಾರು 7 ಅಂಗುಲಕ್ಕೆ ಏರಿತು. 1997ರಲ್ಲಿ ತಾತ್ಕಾಲಿಕ ಆಸರೆ ಕೊಟ್ಟು, 2002ರಲ್ಲಿ ಕಾಂಕ್ರೀಟಿನ ತೊಲೆಗಳಿಗೆ ಉಕ್ಕಿನ ಹುರಿಗಳನ್ನು ಬಿಗಿದು ಮನೆಯನ್ನು ಉಳಿಸಿದರು. ಕಣಿವೆಯ ಮೇಲೆ ಚಾಚಿದ ಬಾಲ್ಕನಿ ಬೇಕೆನ್ನುವವರು ಫಾಲಿಂಗ್‌ವಾಟರ್‌ನ ಚಿತ್ರದ ಜೊತೆ ಈ ದುರಸ್ತಿಯ ಕಥೆಯನ್ನೂ ತಮ್ಮ ಇಂಜಿನಿಯರ್ ಮುಂದಿಡಬೇಕು.

ನೀರಿಗೆ ದಾರಿ ಬಿಡದ ತಡೆಗೋಡೆ

ಧರೆಗೆ ಎದುರಾಗಿ ಎತ್ತರದ ತಡೆಗೋಡೆ ಕಟ್ಟಿದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬಲವಾಗಿದೆ. ಗೋಡೆಯ ಹಿಂದೆ ನೀರು ನಿಂತರೆ ಏನಾಗುತ್ತದೆ ನೋಡಿ. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ಪೂರ್ತಿ ತುಂಬಿದರೆ, ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೆ ಆ ನೀರೊಂದೇ ಸುಮಾರು ನಾಲ್ಕೂವರೆ ಟನ್ ಬಲದಿಂದ ನೂಕುತ್ತದೆ. ಒಣಮಣ್ಣು ಸಾಮಾನ್ಯವಾಗಿ ನೂಕುವುದಕ್ಕಿಂತ ಇದು ಹೆಚ್ಚು. ಮಣ್ಣಿನ ನೂಕು ಇದರ ಮೇಲೆ ಸೇರುತ್ತದೆ. ಮಣ್ಣಿಗಷ್ಟೇ ಲೆಕ್ಕ ಹಾಕಿ ಕಟ್ಟಿದ ಗೋಡೆ ಹೊಟ್ಟೆ ಉಬ್ಬಿ ಉರುಳುವುದು ಇದರಿಂದ.

ಆದ್ದರಿಂದ ಗೋಡೆಯ ಹಿಂದೆ ಜಲ್ಲಿಯ ಪದರ ಇರಬೇಕು. ಅದರೊಳಗೆ ಮಣ್ಣು ನುಗ್ಗದಂತೆ ಸೋಸುವ ಬಟ್ಟೆ ಬೇಕು. ಗೋಡೆಯಲ್ಲಿ ಸಾಲು ಸಾಲಾಗಿ ನೀರು ಹೊರಬರುವ ತೂತುಗಳನ್ನು ಬಿಡಬೇಕು, ಬುಡದಲ್ಲಿ ನೀರು ಸಾಗಿಸುವ ಪೈಪು ಇಡಬೇಕು. ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಐಎಸ್ 14458 ಎಂಬ ಭಾರತೀಯ ಮಾನಕ ಇದೆ. ಕಬ್ಬಿಣದ ಬಲೆಯೊಳಗೆ ಕಲ್ಲು ತುಂಬಿ ಜೋಡಿಸುವ ಗೇಬಿಯನ್ ಗೋಡೆ ತಾನಾಗಿಯೇ ನೀರು ಬಿಡುತ್ತದೆ, ಸ್ವಲ್ಪ ಕದಲಿದರೂ ಒಡೆಯುವುದಿಲ್ಲ. ಅನೇಕ ಜಾಗಗಳಲ್ಲಿ ಅದು ಕಾಂಕ್ರೀಟಿಗಿಂತ ಒಳ್ಳೆಯ ಆಯ್ಕೆ.

ಗೋಡೆಗಿಂತ ಮೊದಲು ಆಗಬೇಕಾದ ಕೆಲಸ ಮೇಲಿನಿಂದ ಬರುವ ನೀರನ್ನು ಮನೆಯ ಹಿಂದೆಯೇ ತಡೆದು ಬದಿಗೆ ತಿರುಗಿಸುವ ಚರಂಡಿ. ಅದು ಸಿಮೆಂಟಿನದ್ದಾಗಿರಬೇಕು. ಮಣ್ಣಿನ ಕಾಲುವೆ ತೆಗೆದರೆ ನೀರು ಅದರಲ್ಲೇ ಇಂಗಿ ಧರೆಯನ್ನು ಒಳಗಿನಿಂದ ನೆನೆಸುತ್ತದೆ. ಚಾವಣಿಯ ನೀರನ್ನು ಪೈಪಿನಲ್ಲಿ ಗಟ್ಟಿಯಾದ ತೋಡಿನವರೆಗೆ ಒಯ್ಯಬೇಕು. ಬಯಲಿನಲ್ಲಿ ಪುಣ್ಯದ ಕೆಲಸವಾದ ಇಂಗುಗುಂಡಿ ಕಡಿದಾದ ಇಳಿಜಾರಿನಲ್ಲಿ ಅಪಾಯ ತರಬಹುದು. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿ, ಈಜುಕೊಳ, ಸೋರುವ ಸಂಪ್, ಒಡೆದ ನೀರಿನ ಪೈಪು ಎಲ್ಲವೂ ವರ್ಷವಿಡೀ ಗುಡ್ಡಕ್ಕೆ ನೀರುಣಿಸುತ್ತವೆ. ಬರಿದಾದ ಇಳಿಜಾರಿನಲ್ಲಿ ಲಾವಂಚ ಹಾಕಿದರೆ ಅದರ ನೇರವಾಗಿ ಆಳಕ್ಕೆ ಇಳಿಯುವ ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ. ಆಳದ ಜಾರುವಿಕೆಯನ್ನು ಯಾವ ಹುಲ್ಲೂ ನಿಲ್ಲಿಸದು ಎಂಬುದೂ ತಿಳಿದಿರಲಿ.

ಎರೆನೆಲದ ಬೇರೆ ಲೆಕ್ಕ

ಕಷ್ಟದ ನೆಲ ಎಂದರೆ ಗುಡ್ಡವೇ ಆಗಬೇಕಿಲ್ಲ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕಲಬುರಗಿ ಜಿಲ್ಲೆಗಳ ಎರೆಭೂಮಿ ಹತ್ತಿಗೆ, ಬಿಳಿಜೋಳಕ್ಕೆ ತಾಯಿ. ಮನೆಯ ಪಾಯಕ್ಕೆ ಮಾತ್ರ ಕಾಟ. ಮೋಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದರಲ್ಲಿ ಹೇರಳ. ಅದರ ಹಾಳೆಯಂಥ ಪದರಗಳ ನಡುವೆ ನೀರು ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕುಗಳನ್ನು ಆ ಕಡೆಯ ರೈತರೆಲ್ಲ ಬಲ್ಲರು.

ವಿಚಿತ್ರವೆಂದರೆ ಇಲ್ಲಿ ಸಣ್ಣ ಮನೆಗಳೇ ಹೆಚ್ಚು ನರಳುತ್ತವೆ. ಬಹುಮಹಡಿ ಕಟ್ಟಡದ ತೂಕ ಉಬ್ಬುವ ಮಣ್ಣನ್ನು ಅದುಮಿ ಹಿಡಿಯಬಲ್ಲದು. ಒಂದಂತಸ್ತಿನ ಮನೆಯನ್ನು ಮಣ್ಣು ಮಳೆಗಾಲದಲ್ಲಿ ಎತ್ತಿ, ಬೇಸಿಗೆಯಲ್ಲಿ ಇಳಿಸುತ್ತದೆ. ಎಲ್ಲ ಕಡೆ ಒಂದೇ ಸಮ ಎತ್ತಿದ್ದರೆ ಚಿಂತೆಯಿರಲಿಲ್ಲ. ಗೋಡೆಯಂಚಿನಲ್ಲಿ ತೇವ ಹೆಚ್ಚು ಏರಿಳಿಯುತ್ತದೆ, ಮನೆಯ ನಡುವೆ ಕಡಿಮೆ. ಆ ವ್ಯತ್ಯಾಸವೇ ಬಾಗಿಲಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು.

ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕೆ ಬಹಳ ಹಿಂದೆಯೇ ಅಗ್ಗದ ಪರಿಹಾರ ಕೊಟ್ಟಿತು. ನೆಲದಲ್ಲಿ ಸಣ್ಣ ಸುತ್ತಳತೆಯ ಗುಂಡಿ ಕೊರೆದು, ಅದರ ತಳದಲ್ಲಿ ಬಲ್ಬಿನಂತೆ ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುವ ಅಂಡರ್‌ರೀಮ್ಡ್ ಪೈಲ್ ಅದು. ಬಲ್ಬಿನ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಎರೆಮಣ್ಣಿನಲ್ಲಿ ಇದನ್ನು ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಒಯ್ಯಬೇಕು, ಏಕೆಂದರೆ ಅಷ್ಟು ಆಳದ ಕೆಳಗೆ ಮಣ್ಣಿನ ತೇವ ಋತುವಿಗೆ ತಕ್ಕಂತೆ ಹೆಚ್ಚು ಬದಲಾಗದು. ಮೇಲಿನ ಮಣ್ಣು ಉಬ್ಬಿ ಎತ್ತಲು ನೋಡಿದರೆ ತಳದ ಬಲ್ಬು ಲಂಗರಿನಂತೆ ಹಿಡಿಯುತ್ತದೆ. ಪೈಲುಗಳನ್ನು ಜೋಡಿಸುವ ಬೀಮಿಗೂ ನೆಲಕ್ಕೂ ನಡುವೆ ಸುಮಾರು 8 ಸೆಂಟಿಮೀಟರ್ ಖಾಲಿ ಬಿಟ್ಟರೆ ಉಬ್ಬಿದ ಮಣ್ಣಿಗೆ ಬೀಮನ್ನು ಮುಟ್ಟಲು ಆಗದು. ಐಎಸ್ 2911ರ ಮೂರನೇ ಭಾಗದಲ್ಲಿ ಇದರ ವಿವರಗಳಿವೆ.

ಇನ್ನೊಂದು ಪರಿಹಾರ ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರ ಸಂಶೋಧನೆಯಿಂದ ಬಂದದ್ದು. ಎರೆಮಣ್ಣಿನ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ದಪ್ಪ ಪದರವನ್ನು ದಮ್ಮಸು ಮಾಡಿ ಕೂರಿಸಿದರೆ ಕೆಳಗಿನ ಉಬ್ಬು ಮೇಲೆ ತಟ್ಟುವುದು ಬಹಳ ಕಡಿಮೆಯಾಗುತ್ತದೆ ಎಂದು ಅವರು ತೋರಿಸಿದರು. ಬರೀ ಮರಳು ತುಂಬಿದರೆ ಈ ಫಲ ಸಿಗದು. ಮರಳು ನೀರನ್ನು ಸಲೀಸಾಗಿ ಕೆಳಗಿಳಿಸಿ ಎರೆಮಣ್ಣನ್ನು ಇನ್ನಷ್ಟು ನೆನೆಸುತ್ತದೆ. ಮನೆಯ ಸುತ್ತ ಅಗಲವಾದ ಕಟ್ಟೆ ಹಾಕಿ ನೀರು ಪಾಯದ ಬಳಿ ಇಳಿಯದಂತೆ ಮಾಡುವುದು, ದೊಡ್ಡ ಮರಗಳನ್ನು ಗೋಡೆಯಿಂದ ದೂರ ಇಡುವುದು ಕೂಡ ಇಲ್ಲಿ ಅಷ್ಟೇ ಮುಖ್ಯ.

ಕಟ್ಟಲೇಬಾರದ ನೆಲ

ಎಲ್ಲ ನೆಲಕ್ಕೂ ಇಂಜಿನಿಯರಿಂಗ್ ಉತ್ತರ ಇರುವುದಿಲ್ಲ. ಲಾಸ್ ಏಂಜಲೀಸ್ ಬಳಿಯ ರಾಂಚೊ ಪಾಲೋಸ್ ವರ್ಡೀಸ್ ಸಮುದ್ರಕ್ಕೆ ಮುಖ ಮಾಡಿದ, ಸಿರಿವಂತರು ಬಯಸುವ ಊರು. ಅದರ ಪೋರ್ಚುಗೀಸ್ ಬೆಂಡ್ ಪ್ರದೇಶದ ಅಡಿಯಲ್ಲಿ ಪುರಾತನ ಭೂಕುಸಿತವೊಂದು ಮಲಗಿದೆ. ಅಲ್ಲಿನ ಜಾರುವ ಪದರ ಬೆಂಟೊನೈಟ್; ಅದರ ಮುಖ್ಯ ಖನಿಜ ನಮ್ಮ ಎರೆಮಣ್ಣಿನಲ್ಲಿರುವ ಅದೇ ಮೋಂಟ್‌ಮೊರಿಲೊನೈಟ್. 1956ರಲ್ಲಿ ರಸ್ತೆ ನಿರ್ಮಾಣಕ್ಕಾಗಿ ಆ ಕುಸಿತದ ಮೇಲ್ಭಾಗಕ್ಕೆ ಮಣ್ಣು ಸುರಿದ ಬಳಿಕ ನೆಲ ಮತ್ತೆ ಜಾರತೊಡಗಿತು. ನೂರಕ್ಕೂ ಹೆಚ್ಚು ಮನೆಗಳು ಹಾಳಾದವು. 1978ರಲ್ಲಿ ನಗರಾಡಳಿತ ಹೊಸ ಮನೆಗಳಿಗೆ ತಡೆ ಹಾಕಿತು. ಉಳಿದವರು ಮನೆಗಳನ್ನು ಉಕ್ಕಿನ ತೊಲೆಗಳ ಮೇಲೆ ಕೂರಿಸಿ, ನೆಲ ಓರೆಯಾದಾಗಲೆಲ್ಲ ಜಾಕ್ ಹಾಕಿ ಮಟ್ಟ ಸರಿಮಾಡುತ್ತ ದಶಕಗಳನ್ನು ಕಳೆದರು.

2023 ಮತ್ತು 2024ರ ಜೋರು ಮಳೆಗಳ ನಂತರ ಅದೂ ಸಾಲದಾಯಿತು. ನೆಲದ ವೇಗ ಕೆಲವೆಡೆ ವಾರಕ್ಕೆ ಅಡಿಯ ಲೆಕ್ಕಕ್ಕೆ ಮುಟ್ಟಿತು. ಫ್ರಾಂಕ್ ಲಾಯ್ಡ್ ರೈಟ್ ಅವರ ಮಗ ಲಾಯ್ಡ್ ರೈಟ್ ವಿನ್ಯಾಸ ಮಾಡಿದ, 1951ರ ಗಾಜಿನ ‘ವೇಫೇರರ್ಸ್ ಚಾಪೆಲ್’ ಅನ್ನು 2024ರಲ್ಲಿ ಮುಚ್ಚಿ, ತುಂಡು ತುಂಡಾಗಿ ಬಿಚ್ಚಿ ತೆಗೆದಿಡಬೇಕಾಯಿತು. ಅಪಾಯದ ಬಡಾವಣೆಗಳಿಗೆ ಗ್ಯಾಸ್ ಮತ್ತು ವಿದ್ಯುತ್ ನಿಲ್ಲಿಸಲಾಯಿತು. ಹಣಕ್ಕೆ, ತಂತ್ರಜ್ಞಾನಕ್ಕೆ ಕೊರತೆಯಿಲ್ಲದ ಊರಿನ ಕಥೆಯಿದು.

ಭಾರತದ ಜೋಶಿಮಠ ಇದಕ್ಕಿಂತ ಹತ್ತಿರದ ಎಚ್ಚರಿಕೆ. ಉತ್ತರಾಖಂಡದ ಈ ಪಟ್ಟಣ ಹಳೆಯ ಭೂಕುಸಿತದ ರಾಶಿಯ ಮೇಲೆ ನಿಂತಿದೆ, ಅಲ್ಲಿ ಭಾರಿ ಕಟ್ಟಡ ಬೇಡ ಎಂದು ಮಿಶ್ರಾ ನೇತೃತ್ವದ ಸಮಿತಿ 1976ರಲ್ಲೇ ಹೇಳಿತ್ತು. ಕಟ್ಟಡಗಳು ಏಳುತ್ತಲೇ ಹೋದವು. 2023ರ ಜನವರಿಯಲ್ಲಿ 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಂಡು, ನೂರಾರು ಕುಟುಂಬಗಳು ಚಳಿಯಲ್ಲಿ ಮನೆ ಬಿಟ್ಟು ಹೊರಟವು. ಹಳೆಯ ಕುಸಿತದ ರಾಶಿ, ತೋಡಿನ ಪಾತ್ರ, ಒರತೆಯ ಮೇಲಿನ ಕಡಿದಾದ ಇಳಿಜಾರು ಇವನ್ನು ಬಿಟ್ಟುಬಿಡುವುದೇ ಸರಿಯಾದ ವಿನ್ಯಾಸ. ಅಗ್ಗಕ್ಕೆ ಸಿಕ್ಕಿದ ನೋಟದ ನಿವೇಶನವನ್ನು ಬೇಡವೆನ್ನಲು ಧೈರ್ಯ ಬೇಕು. ಮಣ್ಣಿನ ವರದಿ ಆ ಧೈರ್ಯ ಕೊಡುತ್ತದೆ.

ಯಾರು ಏನು ಮಾಡಬೇಕು

ಗುಡ್ಡದ ಮನೆಗೆ ಪರವಾನಗಿ ಕೊಡುವಾಗ ಸ್ಥಳೀಯ ಸಂಸ್ಥೆ ನೋಡಬೇಕಾದ್ದು ನೆಲನಕ್ಷೆಯನ್ನಷ್ಟೇ ಅಲ್ಲ. ಇಳಿಜಾರಿನ ಅಡ್ಡಕೊಯ್ತದ ಚಿತ್ರ, ಕಡಿಯುವ ಧರೆಯ ಎತ್ತರ, ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತಾರೆ, ಮಳೆನೀರು ಯಾವ ತೋಡು ಸೇರುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಅರ್ಜಿಯಲ್ಲೇ ಕೇಳಿದರೆ ಅರ್ಧ ಅಪಾಯ ಕಾಗದದ ಮೇಲೆಯೇ ತಪ್ಪುತ್ತದೆ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಗ್ರಾಮ ಪಂಚಾಯಿತಿಗಳಿಗೆ ಸಲಹೆ ಕೊಡಲು ತಾಲ್ಲೂಕಿಗೊಬ್ಬ ಭೂವಿಜ್ಞಾನಿ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು. ಒಬ್ಬರು ಕಡಿದ ಧರೆ ಕುಸಿದರೆ ಸಾಯುವುದು ಅನೇಕ ಸಲ ಕೆಳಗಿನ ಮನೆಯವರು. ಹೀಗಾಗಿ ಇದು ಮಾಲೀಕರ ಖಾಸಗಿ ವಿಷಯವಾಗಿ ಉಳಿಯಲಾರದು.

ಈಗಾಗಲೇ ಇಳಿಜಾರಿನಲ್ಲಿ ಮನೆ ಇರುವವರು ಮಳೆಗಾಲಕ್ಕೆ ಮೊದಲು ಮನೆಯ ಹಿಂದಿನ ಚರಂಡಿಯ ಹೂಳು ತೆಗೆಯಲಿ, ತಡೆಗೋಡೆಯ ತೂತುಗಳು ಕಟ್ಟಿವೆಯೇ ನೋಡಲಿ, ಧರೆಯ ನೆತ್ತಿಯಲ್ಲಿ ಬಿರುಕಿದೆಯೇ ಎಂದು ಹತ್ತಿ ಪರೀಕ್ಷಿಸಲಿ. ಮಳೆ ಸುರಿಯುವಾಗ ಗೋಡೆಯಲ್ಲಿ ಹೊಸ ಬಿರುಕು ಮೂಡಿದರೆ, ಬಾಗಿಲು ಇದ್ದಕ್ಕಿದ್ದಂತೆ ಹಿಡಿದುಕೊಂಡರೆ, ಒರತೆಯ ನೀರು ಕೆಸರಾಗಿ ಬಂದರೆ ಸಾಮಾನಿನ ಆಸೆ ಬಿಟ್ಟು ತಕ್ಷಣ ಹೊರಡಬೇಕು. ಹೊಸದಾಗಿ ಕಟ್ಟುವವರಿಗೆ ಹೇಳಬೇಕಾದ್ದು ಇಷ್ಟೇ: ಜೆಸಿಬಿಯನ್ನು ಕರೆಯುವ ಮೊದಲು ಮಣ್ಣು ಪರೀಕ್ಷೆ ಮಾಡುವವರನ್ನು ಕರೆಸಿ, ಆ ವರದಿ ಕೈಗೆ ಬಂದ ಮೇಲೆಯೇ ನಕ್ಷೆ ಬರೆಸಿ.